ಒಂದೇ ಪಂದ್ಯದ ಹಂಗಾಮು

ಭೂಸನೂರಿನಲ್ಲಿ ‘ಹಂಗಾಮು’ ಎಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಳಂದ ತಾಲ್ಲೂಕಿನ ಈ ಊರಿಗೆ ಸುತ್ತಲಿನ ಸೀಮೆಯಲ್ಲಿ ಹೆಸರು ಬಂದಿರುವುದೇ ಸಕ್ಕರೆ ಕಾರ್ಖಾನೆಯಿಂದ. ದೀಪಾವಳಿಯ ಆಸುಪಾಸು ಕಬ್ಬು ನುರಿಸುವುದು ಶುರುವಾಯಿತೆಂದರೆ ಬಿಸಿಲು ಬಲಿಯುವ ತನಕ ರಸ್ತೆಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳದೇ ಸಾಲು. ಈ ಸಲದ ಹಂಗಾಮು ಹೇಗಿತ್ತು ಎಂದು ಕೇಳಿದರೆ, ಎಷ್ಟು ಟನ್ ಹೋಯಿತು, ಬಿಲ್ಲು ಯಾವಾಗ ಕೈಗೆ ಬಂತು ಎಂಬ ಉತ್ತರ ಸಿಗುತ್ತದೆ.

ಕಾಲೇಜಿನ ಫುಟ್‌ಬಾಲ್ ತಂಡಕ್ಕೂ ಒಂದು ಹಂಗಾಮು ಇದೆ. ಅದನ್ನು ಅಳೆಯುವುದು ಹೇಗೆ? ಇಂಥ ಹಳ್ಳಿಯೊಂದರಿಂದ ಪದವಿ ಕಾಲೇಜಿಗೆ ಹೋಗುವ ಹುಡುಗನನ್ನು ಕಲ್ಪಿಸಿಕೊಳ್ಳಿ. ಮಳೆಗಾಲವಿಡೀ ಚೆಂಡಿನ ಹಿಂದೆ ಓಡಿ, ಅಂತರ ಕಾಲೇಜು ಪಂದ್ಯಾವಳಿಗೆಂದು ಬೆಳಗಿನ ಬಸ್ಸಿಗೆ ಹೋದವನು ಅದೇ ರಾತ್ರಿ ಚೀಲ ಹೊತ್ತು ಮನೆಗೆ ಬರುತ್ತಾನೆ.

“ಏನಾತೋ?”

“ಸೋತೀವಿ, ಯಪ್ಪಾ.”

“ಎಷ್ಟ್ ಆಟ ಆಡಿದ್ರಿ?”

“ಒಂದೇ.”

“ಒಂದ್ ಆಟಕ್ಕ ಎರಡ್ ತಿಂಗಳ ಕಡೀ ಬಸ್ಸಿಗೆ ಮನಿಗಿ ಬಂದಿ!”

ತಂದೆಯ ಈ ಮಾತಿನಲ್ಲಿ ಕೋಪಕ್ಕಿಂತ ಲೆಕ್ಕ ಹೆಚ್ಚು. ಎರಡು ತಿಂಗಳು ದುಡಿದು ತೊಂಬತ್ತು ನಿಮಿಷದ ಫಲ ಎಂದರೆ ಒಕ್ಕಲಿಗನ ಮನೆಯಲ್ಲಿ ಯಾರೂ ಒಪ್ಪುವ ವ್ಯವಹಾರವಲ್ಲ. ಹುಡುಗನಿಗೆ ಉತ್ತರ ತೋಚುವುದಿಲ್ಲ. ಊಟ ಮುಗಿಸಿ ಮಲಗುತ್ತಾನೆ. ಮರುವರ್ಷ ತಂಡದ ಆಯ್ಕೆಗೆ ಕರೆದಾಗ ಅವನು ಹೋಗುತ್ತಾನೋ ಇಲ್ಲವೋ ಎಂಬುದು ಈ ಒಂದು ರಾತ್ರಿಯ ಮಾತಿನ ಮೇಲೆ ನಿಂತಿರುವುದು ಬಹಳ ಮನೆಗಳಲ್ಲಿ ಉಂಟು.

ತಪ್ಪು ಹುಡುಗನದಲ್ಲ, ತಂದೆಯದೂ ಅಲ್ಲ. ಅದು ಇರುವುದು ಪಂದ್ಯಾವಳಿಯ ರಚನೆಯಲ್ಲಿ. ನಮ್ಮಲ್ಲಿ ಅಂತರ ಕಾಲೇಜು ಪಂದ್ಯಾವಳಿಗಳು ಸಾಮಾನ್ಯವಾಗಿ ನಾಕೌಟ್ ಮಾದರಿಯವು. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ಹದಿನಾರು ಕಾಲೇಜುಗಳು ಬಂದರೆ ಒಟ್ಟು ಎಷ್ಟು ಪಂದ್ಯ ಬೇಕು? ವಿದ್ಯಾರ್ಥಿಗಳು ಕಾಗದ ಹಿಡಿಯುವ ಮೊದಲೇ ಹೇಳಬಹುದು. ಒಂದೊಂದು ಪಂದ್ಯಕ್ಕೆ ಒಂದೊಂದು ತಂಡ ಹೊರಬೀಳುತ್ತದೆ, ಕೊನೆಗೆ ಒಂದೇ ಉಳಿಯಬೇಕು, ಆದ್ದರಿಂದ 15. ಇದರಲ್ಲಿ ಮೊದಲ ಸುತ್ತಿನ 8 ಪಂದ್ಯ ಮುಗಿಯುವಷ್ಟರಲ್ಲಿ ಬಂದವರಲ್ಲಿ ಅರ್ಧ ಜನ ಬಸ್ ನಿಲ್ದಾಣದಲ್ಲಿರುತ್ತಾರೆ. ಹನ್ನೊಂದು ಹುಡುಗರ ಎಂಟು ತಂಡ ಎಂದರೆ 88 ಮಂದಿ. ಬದಲಿ ಆಟಗಾರರ ಪಾಡು ಇನ್ನೂ ಕಷ್ಟ. ಬೆಂಚಿನ ಮೇಲೆ ಕೂತು ಬಂದಿರುತ್ತಾರೆ.

ಅದೇ ಹದಿನಾರು ತಂಡಗಳನ್ನು ನಾಲ್ಕು ನಾಲ್ಕರ ಗುಂಪು ಮಾಡಿ ಗುಂಪಿನೊಳಗೆ ಎಲ್ಲರೂ ಎಲ್ಲರೊಡನೆ ಆಡುವಂತೆ ಮಾಡಿದರೆ ಗುಂಪಿಗೆ 6ರಂತೆ 24 ಪಂದ್ಯ. ಗುಂಪಿನಲ್ಲಿ ಗೆದ್ದ ನಾಲ್ವರಿಗೆ ಸೆಮಿಫೈನಲ್ ಎರಡು, ಫೈನಲ್ ಒಂದು. ಒಟ್ಟು 27. ಹೆಚ್ಚಿಗೆ ಬೇಕಾದದ್ದು 12 ಪಂದ್ಯ. ಅಷ್ಟರಿಂದ ಅತ್ಯಂತ ದುರ್ಬಲ ತಂಡಕ್ಕೂ ಮೂರು ಆಟ ಸಿಗುತ್ತದೆ. ಆದರೆ ಆ 12 ಪಂದ್ಯಕ್ಕೆ ಮೈದಾನ ಬೇಕು, ರೆಫರಿ ಬೇಕು, ಹುಡುಗರಿಗೆ ಉಳಿಯಲು ಜಾಗ, ಊಟ, ಭತ್ಯೆ ಬೇಕು. ಆತಿಥೇಯ ಕಾಲೇಜಿನ ಪ್ರಾಂಶುಪಾಲರು ಹಣೆ ಒರೆಸಿಕೊಳ್ಳುವುದು ಇಲ್ಲಿಯೇ. ಅವರ ಕಷ್ಟವೂ ಸುಳ್ಳಲ್ಲ.

ಮೇಲಿನ ಹಾದಿ ಹೀಗಿದೆ. ಕಾಲೇಜು ತಂಡಗಳ ಆಟ ನೋಡಿ ಆಯ್ಕೆಗಾರರು ವಿಶ್ವವಿದ್ಯಾಲಯದ ತಂಡ ಕಟ್ಟುತ್ತಾರೆ. ಕಲಬುರಗಿ ಸೀಮೆಯವರಿಗೆ ಅದು 1980ರಲ್ಲಿ ಹುಟ್ಟಿದ ಗುಲಬರ್ಗಾ ವಿಶ್ವವಿದ್ಯಾಲಯ. ಆ ತಂಡ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗುತ್ತದೆ. ಅಲ್ಲಿ ಮುಂಚೂಣಿಯಲ್ಲಿ ನಿಂತವರು ಅಖಿಲ ಭಾರತ ಮಟ್ಟಕ್ಕೆ. ಇದನ್ನೆಲ್ಲ ನಡೆಸುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. ಮಹಿಳಾ ಕಾಲೇಜಿನ ಹುಡುಗಿಯರ ದಾರಿ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಕಡೆಗೆ ತಿರುಗುತ್ತದೆ. ಪಿಯು ಕಾಲೇಜುಗಳದು ಬೇರೆಯೇ ಏಣಿ, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು. ಏಣಿ ಯಾವುದಾದರೂ ಕೆಳಗಿನ ಮೆಟ್ಟಿಲು ಮಾತ್ರ ಹೀಗೆಯೇ, ಒಂದು ಸಲ ಕಾಲಿಟ್ಟು ಜಾರಿದರೆ ಆ ವರ್ಷ ಮುಗಿಯಿತು.

ಇನ್ನು ತಂಡ ಎನ್ನುವುದಾದರೂ ಎಂಥದು? ಆಳಂದ ಸೀಮೆಯಲ್ಲಿ ಕಬಡ್ಡಿಗೆ, ವಾಲಿಬಾಲಿಗೆ, ಕ್ರಿಕೆಟ್ಟಿಗೆ ಹುಡುಗರು ತಾವಾಗಿ ಬರುತ್ತಾರೆ. ಜಾತ್ರೆಯಲ್ಲಿ ಕುಸ್ತಿಗೆ ಜನ ಮುಗಿಬೀಳುತ್ತಾರೆ. ಫುಟ್‌ಬಾಲಿಗೆ ಹನ್ನೊಂದು ಮಂದಿಯನ್ನು ಹುಡುಕಬೇಕು. ಚಿಕ್ಕ ಕಾಲೇಜುಗಳಲ್ಲಿ ನಾಲ್ಕೈದು ಮಂದಿ ನಿಜವಾಗಿ ಆಟ ಬಲ್ಲವರು. ಉಳಿದವರು ಕಬಡ್ಡಿ ತಂಡದಿಂದ ಎರವಲು ಬಂದ ಗಟ್ಟಿ ಆಳುಗಳು. ಎತ್ತರದ ವಾಲಿಬಾಲ್ ಆಟಗಾರನಿಗೆ ಗೋಲ್‌ಕೀಪರ್ ಪಟ್ಟ. ನಾನೂರು ಮೀಟರ್ ಓಟಗಾರನಿಗೆ ಅಂಚಿನ ಜಾಗ, ಚೆಂಡು ಬಂದಾಗ ಓಡು ಎಂಬುದಷ್ಟೇ ಅವನಿಗೆ ಉಪದೇಶ. ನಗುವ ವಿಷಯವೇನಲ್ಲ. ದೈಹಿಕ ಶಿಕ್ಷಣ ನಿರ್ದೇಶಕರು ಒಬ್ಬರೇ ಇದ್ದು ಹತ್ತು ಆಟ ನೋಡಿಕೊಳ್ಳಬೇಕಾದ ಕಡೆ ಇದಕ್ಕಿಂತ ಒಳ್ಳೆಯ ಉಪಾಯ ಯಾರಿಗೂ ಹೊಳೆದಿಲ್ಲ.

ಮೈದಾನದ ಕತೆ ಇನ್ನೊಂದು. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಂತರರಾಷ್ಟ್ರೀಯ ಪಂದ್ಯಗಳ ಫುಟ್‌ಬಾಲ್ ಮೈದಾನ ಹೆಚ್ಚಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ ಒಂದು ಫುಟ್‌ಬಾಲ್ ಮೈದಾನದಲ್ಲಿ ಐವತ್ತಕ್ಕೂ ಹೆಚ್ಚು ಕಬಡ್ಡಿ ಅಂಕಣ ಹಿಡಿಸುತ್ತವೆ. ಅಷ್ಟು ಜಾಗ ಸಿಕ್ಕರೂ ಅದು ಎರೆಭೂಮಿ. ತೊಗರಿಗೆ, ಜೋಳಕ್ಕೆ ಅದರಂಥ ಮಣ್ಣಿಲ್ಲ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದೂ ಈ ಮಣ್ಣಿನ ಋಣದಿಂದಲೇ. ಚೆಂಡಿಗೆ ಮಾತ್ರ ಅದು ವೈರಿ. ಎರಡು ಮಳೆ ಬಿದ್ದರೆ ಬೂಟಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ. ನಿಯಮದ ಪ್ರಕಾರ 410ರಿಂದ 450 ಗ್ರಾಂ ಇರಬೇಕಾದ ಚೆಂಡು ಕೆಸರಿನುಂಡೆಯಾಗುತ್ತದೆ. ಮಳೆ ಹೋಗಿ ಬಿಸಿಲು ಬಿದ್ದರೆ ನೆಲ ಬಿರಿಯುತ್ತದೆ, ಬಿರುಕಿನಲ್ಲಿ ಕಾಲು ಸಿಕ್ಕು ಪಾದದ ಕೀಲು ಉಳುಕುತ್ತದೆ. ಗರಸು ಹಾಕಿ ಗಟ್ಟಿ ಮಾಡಿದರೆ ಬಿದ್ದವನ ಮೊಣಕಾಲು ತರಚುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಸೀಮೆಯಲ್ಲಿ ಆಗ ಹಗಲು ಆಟದ ಮಾತೇ ಇಲ್ಲ. ಡಿಸೆಂಬರಿನಲ್ಲಿ ಹವೆ ಚೆನ್ನಾಗಿರುತ್ತದೆ, ಆದರೆ ಆಗ ಸೆಮಿಸ್ಟರ್ ಪರೀಕ್ಷೆಯ ಗಾಳಿ, ಮನೆಯಲ್ಲಿ ತೊಗರಿ ರಾಶಿ. ಎಳ್ಳ ಅಮಾವಾಸ್ಯೆಯ ದಿನ ಅಭ್ಯಾಸಕ್ಕೆ ಕರೆದರೆ ಬರುವವರು ಯಾರು? ಊರಿಗೆ ಊರೇ ಹೊಲದಲ್ಲಿ ಚರಗ ಚೆಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುತ್ತಿರುತ್ತದೆ. ನಿರ್ದೇಶಕರೂ ಅಲ್ಲೇ ಇರುತ್ತಾರೆ.

ಹೀಗೆ ಸೋಸಿ ಸೋಸಿ ಉಳಿಯುವ ದಿನಗಳಲ್ಲಿ ಒಂದು ತಂಡ ಆಗಬೇಕು.

ಕರ್ನಾಟಕದ ಫುಟ್‌ಬಾಲ್ ಎಂದರೆ ಎಲ್ಲರ ಬಾಯಲ್ಲಿ ಬರುವುದು ಬೆಂಗಳೂರು. ಅದು ಸಹಜ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಆಡಿದ ಅಹ್ಮದ್ ಖಾನ್, 1956ರ ಮೆಲ್ಬರ್ನ್ ತಂಡದ ಕೆಂಪಯ್ಯ ಅಲ್ಲಿಯ ಆಟದಿಂದ ಬಂದವರು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ 1968-69ರಲ್ಲಿ ಗೆದ್ದ ಮೇಲೆ ಮತ್ತೆ ಕರ್ನಾಟಕಕ್ಕೆ ಅದು ದಕ್ಕಿದ್ದು 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ಆದರೆ ಆಳಂದ, ಅಫಜಲಪುರ, ಜೇವರ್ಗಿಯ ಹಳೆಯ ದಾರಿ ಬೆಂಗಳೂರಿನದಲ್ಲ, ಹೈದರಾಬಾದಿನದು. 1956ರ ನವೆಂಬರ್ 1ರ ತನಕ ಈ ಸೀಮೆ ಹೈದರಾಬಾದ್ ರಾಜ್ಯದಲ್ಲಿತ್ತು. ಕಲಬುರಗಿಯ ಹುಡುಗ ಹೆಚ್ಚು ಓದಬೇಕೆಂದರೆ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆ ನೋಡುತ್ತಿದ್ದ. ಭಾರತದ ಫುಟ್‌ಬಾಲಿಗೆ ಅತ್ಯಂತ ದೊಡ್ಡ ಗುರು ಸಿಕ್ಕಿದ್ದು ಆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದಲೇ.

ಸಯ್ಯದ್ ಅಬ್ದುಲ್ ರಹೀಮ್ ಹುಟ್ಟಿದ್ದು 1909ರಲ್ಲಿ. ಓದುವಾಗ ಕಾಲೇಜು ತಂಡದಲ್ಲಿ ಆಡಿದರು. ಹೈದರಾಬಾದಿನ ಸಿಟಿ ಕಾಲೇಜಿನ ಹಾಲಿ ಮತ್ತು ಹಳೆಯ ವಿದ್ಯಾರ್ಥಿಗಳು ಸೇರಿ ಕಟ್ಟಿದ್ದ ‘ಇಲೆವೆನ್ ಹಂಟರ್ಸ್’ ತಂಡದ ಒಳ್ಳೆಯ ಆಟಗಾರರಲ್ಲಿ ಅವರೂ ಒಬ್ಬರು. ಹೊಟ್ಟೆಪಾಡಿಗೆ ಶಾಲಾ ಮಾಸ್ತರಿಕೆ. ಬಿ.ಎ. ಮುಗಿಸಿ, ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿ, ಶಾಲೆಗಳಲ್ಲಿ ಕಲಿಸುತ್ತ, ಸಂಜೆ ಆಟ ಆಡಿಸುತ್ತ ಬಂದವರು. ಮುಂದೆ ಅವರು ತರಬೇತಿ ಕೊಟ್ಟ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರ ತನಕ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡ 1951ರಲ್ಲಿ ದೆಹಲಿಯಲ್ಲೂ 1962ರಲ್ಲಿ ಜಕಾರ್ತದಲ್ಲೂ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದದ್ದು ಅವರ ಕೈಕೆಳಗೆ. 2024ರಲ್ಲಿ ಬಂದ ‘ಮೈದಾನ್’ ಚಿತ್ರ ನೋಡಿದ ಹುಡುಗರಿಗೆ ಈ ಹೆಸರು ಹೊಸದಲ್ಲ. ಚಿತ್ರದಲ್ಲಿ ಕಾಣದ ಒಂದು ಸಂಗತಿಯೇ ಇಲ್ಲಿ ಹೆಚ್ಚು ಬೇಕಾದದ್ದು. ಹೈದರಾಬಾದಿನಲ್ಲಿ ಅವರು ಹುಡುಗರಿಗಾಗಿ ವಿಚಿತ್ರ ಪಂದ್ಯಾವಳಿಗಳನ್ನು ಏರ್ಪಡಿಸುತ್ತಿದ್ದರು. ಒಂದರಲ್ಲಿ ಚೆಂಡನ್ನು ಕಾಲಲ್ಲಿ ಹೊರಳಿಸುತ್ತ ಓಡುವುದೇ ನಿಷಿದ್ಧ, ಬಂದ ಕೂಡಲೇ ಜೊತೆಗಾರನಿಗೆ ಕೊಡಬೇಕು. ಇನ್ನೊಂದರಲ್ಲಿ ರೂಢಿಯಿಲ್ಲದ ಕಾಲಿನಿಂದಲೇ ಒದೆಯಬೇಕು. ಬಲಗಾಲಿನವನು ಎಡಗಾಲಿಗೆ ಬಂದಾಗ ಎಂಥ ಶೂರನೂ ಕೂಸಾಗುತ್ತಾನೆ. ಹೊಸಬನೂ ಹಳಬನೂ ಒಂದೇ ಪಂಕ್ತಿಗೆ ಬರುತ್ತಾರೆ. ದುಡ್ಡು ಬೇಡದ, ಹೊಸ ಮೈದಾನ ಬೇಡದ ವಿದ್ಯೆ ಇದು.

ರಹೀಮ್ ಸಾಹೇಬರ ಮೂರು ಹಂಗಾಮುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಭೂಸನೂರಿನ ತಂದೆಯ ಲೆಕ್ಕಕ್ಕೆ ಒಂದು ಉತ್ತರ ಸಿಗುತ್ತದೆ.

ಮೊದಲನೆಯದು 1952, ಹೆಲ್ಸಿಂಕಿ. ನಾಕೌಟ್ ಪಂದ್ಯಾವಳಿ. ನಮ್ಮವರಲ್ಲಿ ಬಹಳ ಮಂದಿ ಬೂಟಿಲ್ಲದೆ ಬರಿಗಾಲಲ್ಲಿ ಇಳಿದರು. ಎದುರು ಯುಗೊಸ್ಲಾವಿಯ. ಫಲಿತಾಂಶ 1-10. ನಮ್ಮ ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನರದು. ಸಾವಿರಾರು ಮೈಲಿ ಹೋಗಿ ಒಂದೇ ಆಟ ಆಡಿ ವಾಪಸು ಬಂದ ತಂಡವದು. ಆದರೆ ಆ ಸೋಲಿನ ನಂತರ ದೇಶದಲ್ಲಿ ಬೂಟು ಹಾಕಿ ಆಡುವುದು ಕಡ್ಡಾಯವಾಯಿತು.

ಎರಡನೆಯದು 1956, ಮೆಲ್ಬರ್ನ್. ಹಂಗೇರಿ ಹಿಂದೆ ಸರಿದದ್ದರಿಂದ ಮೊದಲ ಸುತ್ತು ಆಡದೆಯೇ ದಾಟಿತು. ಡಿಸೆಂಬರ್ 1ರಂದು, ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿ ಸರಿಯಾಗಿ ತಿಂಗಳಾದ ದಿನ, ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿದರು. ನೆವಿಲ್ ಡಿಸೋಜಾ ಒಬ್ಬರೇ ಮೂರು ಗೋಲು ಹೊಡೆದರು. ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಯುಗೊಸ್ಲಾವಿಯ, 1-4. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಕ್ಕೆ 0-3. ಗೆದ್ದದ್ದು ಒಂದು, ಸೋತದ್ದು ಎರಡು, ಸ್ಥಾನ ನಾಲ್ಕನೆಯದು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತ ಅದಕ್ಕಿಂತ ಮೇಲೆ ಹೋಗಿಲ್ಲ.

ಮೂರನೆಯದೇ ಮುಖ್ಯ. 1962ರ ಜಕಾರ್ತದಲ್ಲಿ ಭಾರತದ ಮೊದಲ ಪಂದ್ಯ ದಕ್ಷಿಣ ಕೊರಿಯದ ಮೇಲೆ. 0-2, ಸೋಲು. ಇದು ನಾಕೌಟ್ ಆಗಿದ್ದರೆ ಅಲ್ಲಿಗೆ ಗಂಟುಮೂಟೆ ಕಟ್ಟುವುದೇ. ಅದೃಷ್ಟಕ್ಕೆ ಗುಂಪಿನ ಆಟ. ಮುಂದೆ ಥಾಯ್ಲೆಂಡನ್ನು 4-1ರಿಂದ, ಜಪಾನನ್ನು 2-0ರಿಂದ ಸೋಲಿಸಿದರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ಮೇಲೆ 3-2. ಸೆಪ್ಟೆಂಬರ್ 4ರ ಫೈನಲಿನಲ್ಲಿ ಎದುರಾದವರು ಮೊದಲ ದಿನ ಸೋಲಿಸಿದ್ದ ಅದೇ ಕೊರಿಯದವರು. ಕ್ರೀಡಾಂಗಣ ತುಂಬಿದ ಜನ ಭಾರತದ ವಿರುದ್ಧ ಕೂಗುತ್ತಿದ್ದರು. ಪಿ.ಕೆ. ಬ್ಯಾನರ್ಜಿ, ಜರ್ನೈಲ್ ಸಿಂಗ್ ಒಂದೊಂದು ಗೋಲು ಹೊಡೆದು 2-1ರಿಂದ ಗೆಲ್ಲಿಸಿದರು. ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿಸಿಕೊಂಡು ಆಡಿದರು ಎಂಬುದನ್ನು ಎಲ್ಲರೂ ಶೌರ್ಯವೆಂದು ಹೇಳುತ್ತಾರೆ. ಶೌರ್ಯವೇ ಸರಿ, ಆದರೆ ಕಾಲೇಜು ಹುಡುಗರು ಅದನ್ನು ಅನುಕರಿಸುವಂತಿಲ್ಲ. ತಲೆಗೆ ಪೆಟ್ಟು ಬಿದ್ದವನನ್ನು ಆ ದಿನ ಮತ್ತೆ ಆಡಿಸಬಾರದು ಎಂಬುದು ಇಂದಿನ ವೈದ್ಯರ ಖಚಿತ ಮಾತು. ರಹೀಮ್ ಆಗಲೇ ಕ್ಯಾನ್ಸರಿನಿಂದ ನರಳುತ್ತಿದ್ದರು. ಮರುವರ್ಷ ಜೂನ್ 11ರಂದು ತೀರಿಕೊಂಡರು.

ಕೊರಿಯದ ಮೇಲೆ ಸೋತ ಹನ್ನೊಂದು ಮಂದಿಗೂ ಗೆದ್ದ ಹನ್ನೊಂದು ಮಂದಿಗೂ ನಡುವೆ ಹತ್ತು ದಿನದ ಅಂತರವೂ ಇಲ್ಲ. ಅಷ್ಟರಲ್ಲಿ ಯಾರಿಗೂ ಹೊಸ ಕಾಲು ಮೂಡಿರಲಿಲ್ಲ. ಸೋತ ಮೇಲೂ ಆಡಲು ಇನ್ನೊಂದು ಪಂದ್ಯ ಇತ್ತು, ಗುರುವಿಗೆ ತಂಡ ತಿದ್ದಲು ಸಮಯ ಸಿಕ್ಕಿತು. ನಮ್ಮ ಕಾಲೇಜು ಹುಡುಗರಿಗೆ ಸಿಗದಿರುವುದು ಇದೇ.

ವಿಶ್ವವಿದ್ಯಾಲಯದ ಪಂದ್ಯಾವಳಿಯ ಮಾದರಿ ಬದಲಾಗುವುದನ್ನು ಕಾಯುತ್ತ ಕೂರಬೇಕಾಗಿಲ್ಲ. ಒಂದು ಬಸ್ಸಿನ ದಾರಿಯಲ್ಲಿರುವ ನಾಲ್ಕು ಕಾಲೇಜುಗಳು ತಮ್ಮೊಳಗೆ ಮಾತಾಡಿಕೊಂಡರೆ ಸಾಕು. ನಾಲ್ಕು ತಂಡ, 6 ಪಂದ್ಯ, ಪ್ರತಿ ತಂಡಕ್ಕೆ 3 ಆಟ. ಶನಿವಾರಕ್ಕೆ ಎರಡು ಪಂದ್ಯದಂತೆ ಮೂರು ಶನಿವಾರದಲ್ಲಿ ಮುಗಿಯುತ್ತದೆ. ಮೂರನೆಯ ಶನಿವಾರದ ಹೊತ್ತಿಗೆ ಕಬಡ್ಡಿಯಿಂದ ಬಂದವನಿಗೆ ಆಫ್‌ಸೈಡ್ ಎಂದರೇನೆಂದು ತಿಳಿದಿರುತ್ತದೆ. ಅದನ್ನು ಹಲಗೆಯ ಮೇಲೆ ಬರೆದು ಕಲಿಸಿದವರು ಯಾರೂ ಗೆದ್ದಿಲ್ಲ. ಪೂರ್ತಿ 90 ನಿಮಿಷ ಆಡಲೇಬೇಕೆಂದೂ ಇಲ್ಲ. ಸ್ನೇಹದ ಪಂದ್ಯದಲ್ಲಿ ಅರ್ಧಕ್ಕೆ 30 ನಿಮಿಷ ಎಂದು ಒಪ್ಪಿಕೊಂಡರೆ ಕಡೆಯ ಬಸ್ಸು ತಪ್ಪುವುದಿಲ್ಲ. ಹಳ್ಳಿಯ ಹುಡುಗನಿಗೆ ಇದು ಸಣ್ಣ ಮಾತಲ್ಲ. ಎಷ್ಟೋ ಒಳ್ಳೆಯ ಆಟಗಾರರನ್ನು ಎದುರಾಳಿಗಿಂತ ಹೆಚ್ಚಾಗಿ ತಂಡದಿಂದ ಹೊರಹಾಕಿರುವುದು ಸಾರಿಗೆ ಬಸ್ಸಿನ ವೇಳಾಪಟ್ಟಿ.

ಪಾಲಕರಿಗೆ ಇರುವ ಭಯಗಳಲ್ಲಿ ಕೆಲವು ನಿಜ, ಕೆಲವು ಅಲ್ಲ. ಹಾಜರಾತಿಯದು ನಿಜ. ನೂರಕ್ಕೆ 75 ಇಲ್ಲದಿದ್ದರೆ ಪರೀಕ್ಷೆಗೆ ಕೂರಲು ತೊಂದರೆ. ಕಾಲೇಜಿನ ಪರವಾಗಿ ಆಡಲು ಹೋದ ದಿನಗಳನ್ನು ಹಾಜರಾತಿಗೆ ಸೇರಿಸಿಕೊಳ್ಳುವ ರೂಢಿ ಇದೆ. ಆದರೆ ಅದಕ್ಕೆ ಹೋಗುವ ಮೊದಲೇ ದೈಹಿಕ ಶಿಕ್ಷಣ ನಿರ್ದೇಶಕರಿಂದ ಬರಹದಲ್ಲಿ ಪತ್ರ ಪಡೆದು ವಿಭಾಗಕ್ಕೆ ಕೊಟ್ಟಿರಬೇಕು. “ಸರ್, ಆಟಕ್ಕೆ ಹೋಗಿದ್ದೆ” ಎಂದು ಮಾರ್ಚಿಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ವಯಸ್ಸಿನ ಮಿತಿಯೂ ಇದೆ. ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡುವವರು 17 ತುಂಬಿದವರೂ 25 ಮೀರದವರೂ ಆಗಿರಬೇಕು. ಆದ್ದರಿಂದ ಜನ್ಮ ದಿನಾಂಕದ ದಾಖಲೆ ಸರಿಯಿರಬೇಕು. ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿನಿಂದ ಬರೆದ ತಾರೀಖು ಹತ್ತು ವರ್ಷದ ನಂತರ ಮೈದಾನದಲ್ಲಿ ಕಾಡಿದ್ದುಂಟು.

ಪೆಟ್ಟಿನ ಭಯ ಅರ್ಧ ನಿಜ. ಕಾಲಿನ ಕೀಲು ಉಳುಕಿದರೆ ಅದೇ ರಾತ್ರಿ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕುವುದು ನಮ್ಮ ಮನೆಗಳ ಮೊದಲ ಚಿಕಿತ್ಸೆ. ಅದೇ ತಪ್ಪು. ಮೊದಲೆರಡು ದಿನ ಕಾಲಿಗೆ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಬರ್ಫು, ಹದವಾದ ಪಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಡುವುದು ಒಳ್ಳೆಯದು. ಹೆಜ್ಜೆ ಊರಲು ಆಗದಿದ್ದರೆ ಡಾಕ್ಟರ ಬಳಿಗೆ ಹೋಗಬೇಕು. ಆಟಗಾರನ ಊಟದ ಬಗ್ಗೆ ಅಂಗಡಿಯ ಡಬ್ಬಿಗಳು ಹೇಳುವುದನ್ನು ನಂಬಬೇಕಾಗಿಲ್ಲ. ಜೋಳದ ರೊಟ್ಟಿ, ತೊಗರಿಬೇಳೆ, ಶೇಂಗಾ ಹಿಂಡಿ, ಮೊಸರು, ತಿನ್ನುವವರಿಗೆ ಮೊಟ್ಟೆ, ಇವು ಇರುವ ಮನೆಯಲ್ಲಿ ಆಟಗಾರ ಬೆಳೆಯುತ್ತಾನೆ. ನೀರು ಮಾತ್ರ ಬಾಯಾರುವ ಮೊದಲೇ ಕುಡಿಯಬೇಕು. ಸೆಪ್ಟೆಂಬರಿನ ಬಿಸಿಲನ್ನು ನಮ್ಮವರು ಬಿಸಿಲೆಂದೇ ಎಣಿಸುವುದಿಲ್ಲ.

ಕ್ರೀಡಾ ಕೋಟಾದ ಆಸೆಯ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕು. ವೃತ್ತಿಶಿಕ್ಷಣದ ಪ್ರವೇಶದಲ್ಲಿ ಅಂಥ ಸೀಟುಗಳಿವೆ. ಆದರೆ ಅವು ಮೇಲಿನ ಮಟ್ಟದಲ್ಲಿ ಆಡಿ ಹೆಸರು ಮಾಡಿದವರಿಗೆ. ಕಾಲೇಜು ತಂಡದಲ್ಲಿ ಒಂದು ಪಂದ್ಯ ಆಡಿದ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು, ಅದರಿಂದ ಸೀಟು ಸಿಗುವುದಿಲ್ಲ. ಆ ಆಸೆಯಿಂದ ಮಗನನ್ನು ಮೈದಾನಕ್ಕೆ ಕಳಿಸಿದ ತಂದೆಗೆ ಮೊದಲ ಸೋಲಿನ ರಾತ್ರಿಯೇ ನಿರಾಸೆ ಕಾದಿದೆ. ಹುಡುಗ ಓಡುವುದು ಅವನಿಗೆ ಓಡಲು ಇಷ್ಟವೆಂದು. ಅಷ್ಟು ಕಾರಣ ಸಾಲದೇ?

ಪಂದ್ಯಾವಳಿ ಮುಗಿದ ಮರುದಿನ ಗೋಲುಕಂಬದ ಬಲೆ ಬಿಚ್ಚಿ ಕ್ರೀಡಾ ಕೊಠಡಿಯ ಮೂಲೆಗೆ ಎಸೆಯುವುದು ಎಲ್ಲ ಕಾಲೇಜುಗಳ ವಾಡಿಕೆ. ಮುಂದಿನ ಜುಲೈಯಲ್ಲಿ ತೆಗೆದು ನೋಡಿದರೆ ಇಲಿ ಕಡಿದಿರುತ್ತದೆ. ಮತ್ತೆ ಹೊಸ ಬಲೆಗೆ ಅರ್ಜಿ, ಮಂಜೂರಾತಿ, ಅಷ್ಟರಲ್ಲಿ ಆಗಸ್ಟ್. ಮೂರು ಶನಿವಾರದ ಆಟ ಇದ್ದರೆ ಬಲೆ ಕಂಬದಲ್ಲೇ ಉಳಿಯುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗೆ ಇಳಿಯುವ ಮೊದಲು ಆ ಮೂರು ಶನಿವಾರಗಳನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಆಮೇಲೆ ಬಸ್ಸು ಯಾವ ದಿನವೂ ವೇಳೆಗೆ ಬರುವುದಿಲ್ಲ.